ನಮ್ಮ ಕಟ್ಟ ಅಂದರೆ ಇಂಟರ್‌ಲಾಕ್ ಅಲ್ಲ ಮಾರಾಯಾ

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. "ಕೇರಳದವನಾಗಿ ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯ" ಅಂದೆ. ಆಮೇಲೆ, "ಅಷ್ಟು ಸಣ್ಣ ಊರಿಗೆ ಎಂಥ ಪ್ಲಾನು, ಗ್ರಾಮಸಭೆಗೆ ಹೋಗಿ ಸುಮ್ನೆ ಒಂದು ದಿನ ಯಾಕೆ ಹಾಳು ಮಾಡ್ತೀಯ" ಅಂತಲೂ ಕೇಳಿದೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನನ್ನಜ್ಜ ಹುಟ್ಟಿದ್ದು ದಕ್ಷಿಣ ಕನ್ನಡದಲ್ಲಿ. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡಿನ ಜೊತೆ ಅದೇ ಮನೆ, ಅದೇ ಜಗಲಿ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ತಕರಾರು ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿತು. ಅದು ಕಾಗದದಲ್ಲೇ ಉಳಿಯಿತು. ನಾವು ಎಲ್ಲಿಂದಲೂ ಬಂದವರಲ್ಲ.

ಎರಡನೆಯ ಪ್ರಶ್ನೆ ಇದೆಯಲ್ಲ, ಅದು ನನಗೆ ನಿಜವಾಗಿ ತಾಗಿತು. ಯಾಕೆಂದರೆ ಗ್ರಾಮಸಭೆಯ ಬಗ್ಗೆ ನನಗೆ ಹೆಮ್ಮೆ ಇದೆ. 1996ರಲ್ಲಿ ಇಲ್ಲಿ ಜನಕೀಯಾಸೂತ್ರಣ, ಅಂದರೆ ಜನರೇ ಸೇರಿ ಯೋಜನೆ ಮಾಡುವ ಕ್ರಮ, ಶುರುವಾಯಿತು. ಯೋಜನೆಯ ದುಡ್ಡಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಪಂಚಾಯತು, ಮುನ್ಸಿಪಾಲಿಟಿಗಳ ಕೈಗೇ ಕೊಟ್ಟು, ಏನು ಬೇಕು ನೀವೇ ಹೇಳಿ ಅಂದರು. ಇಲ್ಲಿ ವಾರ್ಡಿಗೊಂದು ಗ್ರಾಮಸಭೆ. ಅಲ್ಲಿಂದ ವರ್ಕಿಂಗ್ ಗ್ರೂಪು, ವಿಕಸನ (ಅಭಿವೃದ್ಧಿ) ಸೆಮಿನಾರು, ಕೊನೆಗೆ ಜಿಲ್ಲಾ ಯೋಜನಾ ಸಮಿತಿ. ನಮ್ಮಲ್ಲಿ ಕುಟುಂಬಶ್ರೀ ಸ್ವಸಹಾಯ ಗುಂಪಿನ ಹೆಂಗಸರು ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ಒಮ್ಮೆ ಒಬ್ಬರು ಅಕ್ಕ ಎದ್ದು ನಿಂತು, "ಇನ್ನು ಹದಿನೈದು ವರ್ಷಕ್ಕೆ ನಮ್ಮ ಬಾವಿಯಲ್ಲಿ ನೀರು ಇರ್ತದಾ, ಅದನ್ನು ಮೊದಲು ಹೇಳಿ" ಅಂದರು. ಸಭೆಯೇ ಸುಮ್ಮನಾಯಿತು. ಇದಕ್ಕಿಂತ ದೊಡ್ಡ ಪ್ಲಾನು ಯಾವುದು ಹೇಳು?

ನಮಗೆ ತೊಡಕಾಗಿರುವುದು ಭಾಷೆ. ಪ್ರತಿ ಸಲವೂ ಅದೇ.

ನಾವು ಹೇಳುವುದು ಕನ್ನಡದಲ್ಲಿ, ತುಳುವಿನಲ್ಲಿ. ಬರೆದುಕೊಳ್ಳುವುದು ಮಲಯಾಳದಲ್ಲಿ. ಕರಡು ಬರುವುದೂ ಮಲಯಾಳದಲ್ಲಿ. ಕಟ್ಟದ ಕತೆಯನ್ನೇ ಕೇಳು. ಮಳೆ ನಿಂತು ತೋಡಿನ ನೀರು ಇಳಿಯುವಾಗ, ಡಿಸೆಂಬರಿನ ಹೊತ್ತಿಗೆ, ಊರವರು ಸೇರಿ ಕಲ್ಲು ಮಣ್ಣು ಹಾಕಿ ಅಡ್ಡ ಕಟ್ಟುತ್ತೇವಲ್ಲ, ಅದಕ್ಕೆ ನಾವು ಕಟ್ಟ ಅನ್ನುತ್ತೇವೆ. ನೀರು ನಿಂತು ನೆಲಕ್ಕೆ ಇಂಗುತ್ತದೆ, ಅಕ್ಕಪಕ್ಕದ ಬಾವಿಗಳಲ್ಲಿ ನೀರು ಏರುತ್ತದೆ, ಏಪ್ರಿಲಿನಲ್ಲೂ ಅಡಿಕೆಗೆ ನೀರು ಬಿಡಬಹುದು. ಮಳೆಗಾಲ ಬಂದರೆ ಕಟ್ಟ ಹೋಯಿತು, ಮುಂದಿನ ವರ್ಷ ಮತ್ತೆ ಕಟ್ಟಬೇಕು. ಈಗ ಕೆಲಸಕ್ಕೆ ಜನ ಸಿಗುವುದಿಲ್ಲ. ಹಾಗಾಗಿ ಪಂಚವಾರ್ಷಿಕ ಯೋಜನೆಯಲ್ಲಿ ಸೇರಿಸಿ, ಮೂರು ಕಡೆ ಹಲಗೆ ಇಳಿಸುವಂಥ ಗಟ್ಟಿ ಕಟ್ಟ ಮಾಡಿಸಿ ಅಂತ ಕೇಳಿದೆವು. ಎಲ್ಲರೂ ಕೈ ಎತ್ತಿದರು.

ಕರಡು ಬಂತು. ನೀರಿನ ಪಟ್ಟಿಯಲ್ಲಿ ನಮ್ಮ ವಾರ್ಡೇ ಇಲ್ಲ. ಹುಡುಕಿ ಹುಡುಕಿ ಕೊನೆಗೆ ರಸ್ತೆಯ ಪಟ್ಟಿಯಲ್ಲಿ ಸಿಕ್ಕಿತು. ಮೂರು ಕಡೆ ಇಂಟರ್‌ಲಾಕ್ ಹಾಸುವುದು! ಮಲಯಾಳದಲ್ಲಿ ಕಟ್ಟ ಅಂದರೆ ಇಟ್ಟಿಗೆ, ಇಂಟರ್‌ಲಾಕ್ ಕಟ್ಟ ಅಂತಲೇ ಅವರು ಹೇಳುವುದು. ನಮ್ಮ ಕಟ್ಟಕ್ಕೆ ಅವರಲ್ಲಿ ತಡಯಣ ಅನ್ನಬೇಕು. ಬರೆದುಕೊಂಡವರು ಕೇರಳದ ತೆಂಕಿನ ಕಡೆಯಿಂದ ಬಂದ ಪಾಪದ ಮನುಷ್ಯ. ಅವರಿಗೆ ಕೇಳಿದ್ದು ಹಾಗೆ, ಬರೆದದ್ದೂ ಹಾಗೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ವರ್ಷದ ನೀರು ಸಮುದ್ರಕ್ಕೆ ಹೋಯಿತಲ್ಲ, ಅದಕ್ಕೆ ಯಾರನ್ನು ಕೇಳುವುದು?

ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಕೇರಳದ ಅಧಿಕೃತ ಭಾಷೆಯ ಕಾಯ್ದೆಯಲ್ಲೇ ಇದೆ, ಭಾಷಾ ಅಲ್ಪಸಂಖ್ಯಾತರ ಪ್ರದೇಶ ಅಂತ ಗುರುತಿಸಿದ ಜಾಗಗಳ ಕಚೇರಿಗಳಿಗೆ. ನಾವು ಯಾರ ಹತ್ತಿರವೂ ದಾನ ಕೇಳುತ್ತಿಲ್ಲ. ನನ್ನ ಅಮ್ಮ ಗ್ರಾಮಸಭೆಗೆ ಹೋಗುವುದನ್ನೇ ಬಿಟ್ಟರು. "ನಾನು ಹೇಳಿದ್ದು ಅಲ್ಲಿ ಬರೆಯುವುದಿಲ್ಲ, ಮತ್ತೆ ಎಂತಕ್ಕೆ ಹೋಗುವುದು" ಅಂತ. ಹತ್ತರಲ್ಲಿ ಒಬ್ಬ ಮತದಾರನಾದರೂ ಬಂದರೆ ಮಾತ್ರ ಗ್ರಾಮಸಭೆಗೆ ಕೋರಂ. ಅಮ್ಮನಂಥವರು ಮನೆಯಲ್ಲಿ ಕೂತರೆ ಊರಿನ ಮುಂದಿನ ದಾರಿಯನ್ನು ಯಾರು ಹೇಳಬೇಕು?

ಹಾಗಂತ ಆಚೆ ಬದಿಯ ಕರ್ನಾಟಕದವರು ನಮ್ಮನ್ನು ಎತ್ತಿಕೊಂಡು ಕೂತಿದ್ದಾರಾ? 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ಗಡಿಯ ರಸ್ತೆಗೆ ಮಣ್ಣು ಸುರಿದಾಗ ನಮ್ಮ ಆಂಬುಲೆನ್ಸುಗಳೂ ಈಚೆಗೇ ನಿಂತವು. ಚಿಕ್ಕಂದಿನಿಂದ ಆಸ್ಪತ್ರೆ ಅಂದರೆ ನಮಗೆ ಮಂಗಳೂರು. ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಲ್ಲಿ ಮಲಯಾಳಿ, ಇಲ್ಲಿ ಕನ್ನಡದವ. ನೀನು ತಮಾಷೆಗೆ ಅಂದಿರಬಹುದು, ಆದರೆ ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆ ಗೊತ್ತಾ?

ಈ ಸಲ ಬೇಡಿಕೆಯನ್ನು ಕನ್ನಡದಲ್ಲೇ ಬರೆದಿದ್ದೇನೆ. ಜೊತೆಗೆ ಕಟ್ಟದ ಫೋಟೋ, ತೋಡಿನ ನಕ್ಷೆ. ಪಕ್ಕದ ಮನೆಯ ಹುಡುಗಿ ಮಲಯಾಳ ಮೀಡಿಯಂನಲ್ಲಿ ಓದಿದವಳು, ಕೆಳಗೆ ದೊಡ್ಡ ಅಕ್ಷರದಲ್ಲಿ ತಡಯಣ ಅಂತ ಬರೆದುಕೊಟ್ಟಿದ್ದಾಳೆ. ಅಮ್ಮನನ್ನೂ ಹೊರಡಿಸಿದ್ದೇನೆ, ಸಹಿ ಮೊದಲು ಅವರದ್ದೇ.

ನೀನು ಡಿಸೆಂಬರಿನಲ್ಲಿ ಬಾ. ಗಟ್ಟಿ ಕಟ್ಟ ಬರುವವರೆಗೆ ಮಣ್ಣಿನದ್ದು ಕಟ್ಟಲೇಬೇಕಲ್ಲ, ಕೈ ಸಾಲುವುದಿಲ್ಲ. ಹಳೆಯ ಅಂಗಿ ಒಂದು ತಾ.