ಫಿಲ್ಟರ್ ಬದಲಿಸಿ, ಡಬ್ಬಿ ಕೀಳಬೇಡಿ

ಪ್ರಶ್ನೆ: ನನ್ನದು 150 ಸಿಸಿ ಕಾರ್ಬ್ಯುರೇಟರ್ ಬೈಕ್. ಏರ್ ಫಿಲ್ಟರ್ ಬದಲಿಸಬೇಕಾಗಿದೆ. ಕಂಪನಿಯ ಪೇಪರ್ ಫಿಲ್ಟರ್ ಬೇಡ, ತೊಳೆದು ಮತ್ತೆ ಬಳಸುವ ಕಾಟನ್ ಫಿಲ್ಟರ್ ಹಾಕಿಸು ಎನ್ನುತ್ತಾನೆ ಒಬ್ಬ ಗೆಳೆಯ. ಏರ್ ಬಾಕ್ಸ್ ಕಿತ್ತು ಕಾರ್ಬ್ಯುರೇಟರ್ ಬಾಯಿಗೇ ಕೋನ್ ಫಿಲ್ಟರ್ ಹಾಕು, ಆಮೇಲೆ ಪಿಕಪ್ ನೋಡು ಎನ್ನುತ್ತಾನೆ ಇನ್ನೊಬ್ಬ. ಯಾರ ಮಾತು ಕೇಳಲಿ?

ಉತ್ತರ: ಮೊದಲನೆಯವನ ಮಾತು ಅರ್ಧ ಕೇಳಿ. ಎರಡನೆಯವನ ಮಾತಿಗೆ ಹೂಂಗುಟ್ಟಿ ಸುಮ್ಮನಾಗಿ.

ಸೀಟಿನ ಕೆಳಗೋ ಸೈಡ್ ಕವರ್ ಹಿಂದೆಯೋ ಒಂದು ಕಪ್ಪು ಡಬ್ಬಿ ಇರುತ್ತದಲ್ಲ, ಅದೇ ಏರ್ ಬಾಕ್ಸ್, ಅದನ್ನು ಸುಮ್ನೆ ಜಾಗ ತುಂಬಲು ಇಟ್ಟಿಲ್ಲ. ನಿಮ್ಮ ಫೋರ್ ಸ್ಟ್ರೋಕ್ ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 50 ಸಲ ಗಾಳಿ ಎಳೆಯುತ್ತದೆ. ಲೆಕ್ಕ ಹಾಕಿದರೆ, ಥ್ರಾಟಲ್ ಪೂರ್ತಿ ತೆರೆದಿರುವಾಗ ಸೆಕೆಂಡಿಗೆ ಹೆಚ್ಚುಕಡಿಮೆ ಏಳು ಲೀಟರ್ ಗಾಳಿ. ಇಷ್ಟು ಗಾಳಿ ಜರ್ಕ್ ಹೊಡೆಯದೆ ಸಿಗಲಿ ಎಂದೇ ಆ ಡಬ್ಬಿ. ಅದರ ಅಳತೆ, ಬಾಯಿಯ ಉದ್ದ ಎಲ್ಲವನ್ನೂ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಜೊತೆ ಹೊಂದಿಸಿಯೇ ಮಾಡಿರುತ್ತಾರೆ. ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪು ಬಂದು ಸೇರುವುದೂ ಸಾಮಾನ್ಯವಾಗಿ ಅಲ್ಲಿಗೇ.

ಡಬ್ಬಿ ತೆಗೆದರೆ ಗಾಳಿ ಜಾಸ್ತಿ, ಪೆಟ್ರೋಲ್ ಮಾತ್ರ ಹಳೇ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು) ಕೊಟ್ಟಷ್ಟೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಸಾಕು. ಗಾಳಿ ಅದಕ್ಕಿಂತ ತೀರಾ ಹೆಚ್ಚಾದರೆ ಗಾಡಿ ಲೀನ್, ಅಂದರೆ ಪೆಟ್ರೋಲ್ ಸಾಲದೆ, ಓಡುತ್ತದೆ. ಥ್ರಾಟಲ್ ಕೊಟ್ಟಾಗ ಒಂದು ಕ್ಷಣ ತಡವರಿಸುತ್ತದೆ, ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಎನ್ನುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಪ್ಲಗ್ ಬಿಚ್ಚಿದರೆ ತುದಿ ಬೆಳ್ಳಗಿರುತ್ತದೆ. ಸರಿಪಡಿಸಲು ದೊಡ್ಡ ಮೇನ್ ಜೆಟ್ ಹಾಕಬೇಕು, ಪೆಟ್ರೋಲ್ ಹರಿವು ನಿಯಂತ್ರಿಸುವ ನೀಡಲ್ ಎತ್ತಬೇಕು. ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬ್ಯುರೇಟರ್ ಆದರೆ ಇನ್ನೂ ಕಿರಿಕಿರಿ. ಅದರೊಳಗೆ ಗಾಳಿಯ ದಾರಿ ತೆರೆಯುವ ಸ್ಲೈಡ್ ಮೇಲೇಳುವುದು ಗಾಳಿಯ ಒತ್ತಡದ ವ್ಯತ್ಯಾಸದಿಂದ, ಹಾಗಾಗಿ ಡಬ್ಬಿ ಹೋದರೆ ಮಧ್ಯದ ಆರ್‌ಪಿಎಂನಲ್ಲಿ ಎಳೆತ ಕುಗ್ಗುವುದು ಮಾಮೂಲಿ. ಆದರೂ ನಿಮ್ಮ ಗೆಳೆಯನಿಗೆ ಗಾಡಿ ಹಾರಿದಂತೆ ಅನಿಸುತ್ತದೆ. ಯಾಕೆ ಅಂದರೆ ಡಬ್ಬಿ ಅಡಗಿಸುತ್ತಿದ್ದ ಸದ್ದು ಈಗ ಹೊರಗೆ ಬಂದಿದೆ, ಅಷ್ಟೇ!

ಈಗ ಕಾಟನ್ ಫಿಲ್ಟರ್. ಹಳೇ ಡಬ್ಬಿಯೊಳಗೇ ಕೂರುವ ಮಾದರಿಯಾದರೆ ನನ್ನ ತಕರಾರಿಲ್ಲ. ತಂತಿಯ ಬಲೆಯ ನಡುವೆ ಹತ್ತಿಬಟ್ಟೆಯ ಪದರಗಳು, ಅದರ ಮೇಲೆ ಎಣ್ಣೆ. ಧೂಳು ಹಿಡಿಯುವ ಕೆಲಸದಲ್ಲಿ ದೊಡ್ಡ ಪಾಲು ಆ ಎಣ್ಣೆಯದು. ಎಣ್ಣೆ ಒಣಗಿತೋ, ಉಳಿಯುವುದು ಬರೀ ಜರಡಿ. ತೊಳೆದು, ಒಣಗಿಸಿ, ಹದವಾಗಿ ಎಣ್ಣೆ ಹಚ್ಚುವ ತಾಳ್ಮೆ ನಿಮಗಿದ್ದರೆ ತಗೊಳ್ಳಿ. ಇಲ್ಲದಿದ್ದರೆ, ಅದರಲ್ಲೂ ಧೂಳಿನ ರಸ್ತೆಯಲ್ಲಿ ಓಡಾಟ ಜಾಸ್ತಿ ಇದ್ದರೆ, ಪೇಪರೇ ವಾಸಿ. ಪವರ್ ಏರುತ್ತದೆ ಎಂದು ಮಾತ್ರ ತಗೊಳ್ಳಬೇಡಿ. ಹೊಸ ಪೇಪರ್ ಫಿಲ್ಟರ್ ಒಡ್ಡುವ ಅಡ್ಡಿ ಅಷ್ಟೇನೂ ಇರುವುದಿಲ್ಲ.

ಪೊಟ್ಟಣದ ಮೇಲೆ ಗಾಳಿ ಎಷ್ಟು ಜಾಸ್ತಿ ಬಿಡುತ್ತದೆ ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ನೀವು ಹುಡುಕಬೇಕಾದ್ದು ಧೂಳು ಎಷ್ಟು ತಡೆಯುತ್ತದೆ ಎಂಬುದನ್ನು. ಅದನ್ನು ಅಳೆಯಲು ಐಎಸ್ಒ 5011 ಎಂಬ ಪರೀಕ್ಷೆ ಇದೆ. ಆ ಅಂಕಿ ಕೊಡುವವರ ಮಾಲು ಮೊದಲು ನೋಡಿ. ಆಮೇಲೆ ಹಳೇ ಫಿಲ್ಟರ್ ಪಕ್ಕದಲ್ಲಿಟ್ಟು ರಬ್ಬರ್ ಅಂಚು ಹೋಲಿಸಿ. ದಪ್ಪ ಒಂದೇ ಇರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೇಳಬೇಕು.

ಈ ಅಂಚಿನ ಬಗ್ಗೆ ನಾನು ಹಟ ಹಿಡಿಯಲು ಕಾರಣ ಇದೆ. ಹೊಗೆ ಉಗುಳುತ್ತಿದ್ದ ಗಾಡಿಯೊಂದನ್ನು ರಿಪೇರಿಗೆ ತಂದಿದ್ದರು. ಫಿಲ್ಟರ್ ಹೊಚ್ಚ ಹೊಸದು. ಆದರೆ ಡಬ್ಬಿಯಿಂದ ಕಾರ್ಬ್ಯುರೇಟರಿಗೆ ಹೋಗುವ ರಬ್ಬರ್ ಪೈಪಿನ ಒಳಗೆ ಒಂದು ಕಂದು ಗೆರೆ. ಅದರ ಜಾಡು ಹಿಡಿದು ಹೋದರೆ ಫಿಲ್ಟರಿನ ಒಂದು ಮೂಲೆ, ಅಲ್ಲಿ ಅಂಚು ಒಳಕ್ಕೆ ಮಡಚಿಕೊಂಡಿತ್ತು. ಸಿಲಿಂಡರ್ ಬಿಚ್ಚಿದಾಗ ಅದರ ಒಳಗೋಡೆಯ ತುಂಬ ಉದ್ದುದ್ದ ಗೀರು. ಆದ್ದರಿಂದ ಹೊಸದು ಹಾಕಿ 500 ಕಿಲೋಮೀಟರ್ ಓಡಿಸಿದ ಮೇಲೆ ಆ ಪೈಪಿನ ಒಳಗೆ ಬಿಳಿ ಬಟ್ಟೆ ಆಡಿಸಿ. ಬೆರಳಿಗೆ ತರಿತರಿ ಎನಿಸುವ ಧೂಳು ಬಂದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ, ಅಥವಾ ಅದು ನಿಮ್ಮ ಗಾಡಿಯದ್ದೇ ಅಲ್ಲ.

ಪ್ರಶ್ನೆ: ಫೋಮ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯಬಹುದೇ?

ಉತ್ತರ: ಬೇಡ. ಬೆಂಕಿಯ ಭಯ ಒಂದು, ಫೋಮಿನ ಅಂಟು ಬಿಡುವುದು ಇನ್ನೊಂದು. ಸೋಪು ನೀರಿನಲ್ಲಿ ಅದುಮಿ ತೊಳೆಯಿರಿ, ಬಟ್ಟೆಯ ಹಾಗೆ ಹಿಂಡಬೇಡಿ, ಹರಿಯುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಎಣ್ಣೆ ಹಚ್ಚಿ, ಜಾಸ್ತಿಯಾದದ್ದನ್ನು ಒತ್ತಿ ತೆಗೆಯಿರಿ. ಎಂಜಿನ್ ಆಯಿಲ್ ಆದರೆ ನಿಧಾನಕ್ಕೆ ಕೆಳಗಿಳಿದು ಮೇಲಿನ ಭಾಗ ಒಣಗಿಬಿಡುತ್ತದೆ.

ಪ್ರಶ್ನೆ: ನನ್ನದು ಫ್ಯೂಯಲ್ ಇಂಜೆಕ್ಷನ್ ಗಾಡಿ. ಯಾವ ಫಿಲ್ಟರ್ ಹಾಕಿದರೂ ಅದೇ ಹೊಂದಿಸಿಕೊಳ್ಳುತ್ತದೆ ಅಲ್ವಾ?

ಉತ್ತರ: ಸ್ವಲ್ಪ ಮಟ್ಟಿಗೆ. ಒಂದೇ ವೇಗದಲ್ಲಿ ಹಗುರವಾಗಿ ಹೋಗುವಾಗ ಆಕ್ಸಿಜನ್ ಸೆನ್ಸರ್ ನೋಡಿಕೊಳ್ಳುತ್ತದೆ. ಥ್ರಾಟಲ್ ಪೂರ್ತಿ ತಿರುಗಿಸಿದಾಗ ಸಾಮಾನ್ಯವಾಗಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸೆನ್ಸರ್ ಮಾತು ಬಿಟ್ಟು ಮೊದಲೇ ಬರೆದಿಟ್ಟ ಲೆಕ್ಕಪಟ್ಟಿ, ಅಂದರೆ ಮ್ಯಾಪ್ ಪ್ರಕಾರ ಪೆಟ್ರೋಲ್ ಕೊಡುತ್ತದೆ. ಡಬ್ಬಿಯೊಳಗಿನ ಫಿಲ್ಟರ್ ಬದಲಿಸಿದರೆ ತೊಂದರೆಯಿಲ್ಲ. ಕೋನ್ ಹಾಕಿದರೆ ಮ್ಯಾಪನ್ನೂ ಬದಲಿಸಬೇಕು.

ಪ್ರಶ್ನೆ: ಹೊಸ ಪೇಪರ್ ಫಿಲ್ಟರ್ ಮುಟ್ಟಿದರೆ ಅಂಟಂಟು. ಕಂಪ್ರೆಸರ್ ಗಾಳಿ ಹೊಡೆಸಲೇ?

ಉತ್ತರ: ಅದು ಎಣ್ಣೆ ಹಾಕಿಯೇ ತಯಾರಿಸಿದ ಪೇಪರ್. ಗಾಳಿ ಹೊಡೆಯಬೇಡಿ, ತೊಳೆಯಲೂಬೇಡಿ. ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಕಿಲೋಮೀಟರ್ ಓಡಿದ ಮೇಲೆ ಬದಲಿಸಿ, ಧೂಳಿನ ರಸ್ತೆಯಾದರೆ ಅದಕ್ಕೂ ಮೊದಲೇ.