ಐದು ಪೇಪರ್ ಆಮೇಲೆ, ಮೊದಲು ಒಂದನ್ನು ಹಿಡಿಯಿರಿ

ನೀವು ಕೇಳಿದ್ದು ಇಷ್ಟು: ಬಿಎಸ್ಸಿ ಮೂರನೇ ಸೆಮ್, ಬೆಂಗಳೂರಿನ ಕಾಲೇಜು, ಕಾಂಗ್ರೆಸ್ ಗಿಡದ ಜೈವಿಕ ನಿಯಂತ್ರಣದ ಮೇಲೆ ಅಸೈನ್‌ಮೆಂಟ್. ಐದು ಸಂಶೋಧನಾ ಲೇಖನ ಇರಲೇಬೇಕು, ವೆಬ್‌ಸೈಟ್ ಹಾಕಿದರೆ ಮಾರ್ಕ್ಸ್ ಇಲ್ಲ ಅಂದಿದ್ದಾರೆ ಮೇಡಂ. ಗೂಗಲ್ ಮಾಡಿದರೆ ಬರೀ ಬ್ಲಾಗು, ನಿಜವಾದ ಪೇಪರ್ ಸಿಕ್ಕರೆ ಅದು ಡಾಲರ್‌ನಲ್ಲಿ ದುಡ್ಡು ಕೇಳುತ್ತೆ. ಹುಡುಕೋದು ಹೇಗೆ, ಸಿಕ್ಕಮೇಲೆ ಮಾಡೋದೇನು?

ನಾನು ಆ ಮೇಡಂ ಕಡೆಯವಳು. ಸೆಮಿಸ್ಟರ್‌ಗೆ ಅರವತ್ತು ಅಸೈನ್‌ಮೆಂಟ್ ತಿದ್ದುತ್ತೀನಿ. ಐದು ಪೇಪರ್ ಕೇಳಿದರೆ ಮಕ್ಕಳು ಕೊನೇ ರಾತ್ರಿ ಐದು ಶೀರ್ಷಿಕೆ ಹೆಕ್ಕಿ ಕೊನೇ ಪುಟಕ್ಕೆ ಅಂಟಿಸ್ತಾರೆ. ಓದಿದ್ದಾರೋ ಇಲ್ಲವೋ ಅನ್ನೋದು ಎರಡನೇ ಪ್ಯಾರಾದಲ್ಲೇ ಗೊತ್ತಾಗಿಬಿಡುತ್ತೆ. ಅದಕ್ಕೇ ಹೇಳ್ತೀನಿ, ಐದು ಹುಡುಕಬೇಡಿ. ಒಂದು ಹುಡುಕಿ, ಅದನ್ನು ಪೂರ್ತಿ ಓದಿ. ಉಳಿದ ನಾಲ್ಕನ್ನು ಅದೇ ಕರೆದುಕೊಂಡು ಬರುತ್ತೆ.

ನಿಮ್ಮ ವಿಷಯವನ್ನೇ ತಗೊಳ್ಳಿ. ಸಂಶೋಧನಾ ಲೇಖನ ಹುಡುಕೋಕೆ ಅಂತಲೇ ಇರೋ ಗೂಗಲ್ ಸ್ಕಾಲರ್‌ನಲ್ಲಿ 'ಕಾಂಗ್ರೆಸ್ ಗ್ರಾಸ್' ಅಂತ ಹೊಡೆದರೆ ರಾಜಕೀಯವೂ ಬರುತ್ತೆ, ಹುಲ್ಲೂ ಬರುತ್ತೆ. ವೈಜ್ಞಾನಿಕ ಹೆಸರು ಹಾಕಿ: ಪಾರ್ಥೇನಿಯಂ ಹಿಸ್ಟೆರೊಫೋರಸ್. ಅದನ್ನು ತಿನ್ನೋಕೆ ತಂದ ದುಂಬಿಯ ಹೆಸರು ಜೈಗೊಗ್ರಾಮ ಬೈಕಲರಾಟ. ಎರಡನ್ನೂ ಇಂಗ್ಲಿಷಿನಲ್ಲಿ, ಉದ್ಧರಣ ಚಿಹ್ನೆಯೊಳಗೆ ಬರೆದು, ಪಕ್ಕದಲ್ಲಿ ಬ್ಯಾಂಗಲೂರ್ ಅಂತ ಸೇರಿಸಿ. ಹಳೇ ಪೇಪರ್‌ಗಳಲ್ಲಿ ಊರಿನ ಹೆಸರು ಹಾಗೇ ಇರೋದು, ಬೆಂಗಳೂರು ಅಂತ ಹಾಕಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತೆ. ಗಿಡಗಳ ಹೆಸರಿನದೂ ಇದೇ ಕಥೆ. ನಮ್ಮ ಕೆರೆ ಮುಚ್ಚೋ ವಾಟರ್ ಹಯಸಿಂತ್ ಮೊದಲು ಐಕಾರ್ನಿಯಾ ಆಗಿತ್ತು, ಈಗ ಪಾಂಟಿಡೇರಿಯಾ. ಹೊಸ ಹೆಸರೊಂದನ್ನೇ ಹುಡುಕಿದವರಿಗೆ ಹಳೇ ಕೆಲಸ ಕಣ್ಣಿಗೇ ಬೀಳಲ್ಲ.

ಹೀಗೆ ಹುಡುಕಿದರೆ 1987ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬಂದ ಒಂದು ಪುಟ್ಟ ಲೇಖನ ಸಿಗುತ್ತೆ. ಮೆಕ್ಸಿಕೋದಿಂದ ತಂದ ಈ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದು, ಅದು ಇಲ್ಲಿ ನೆಲೆ ನಿಂತಿದ್ದು, ಎಲ್ಲ ಅದರಲ್ಲಿದೆ. ಕರೆಂಟ್ ಸೈನ್ಸ್ 1932ರಿಂದ ನಮ್ಮೂರಿಂದಲೇ ಬರ್ತಿರೋ ಪತ್ರಿಕೆ, ಹಳೇ ಸಂಚಿಕೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ. ಸದಾಶಿವನಗರದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಜರ್ನಲ್ ಆಫ್ ಜೆನೆಟಿಕ್ಸ್, ಜರ್ನಲ್ ಆಫ್ ಬಯೋಸೈನ್ಸಸ್, ರೆಸೊನೆನ್ಸ್ ಕೂಡ ಅಕಾಡೆಮಿಯ ಜಾಲತಾಣದಲ್ಲೇ ಓದೋಕೆ ಸಿಗುತ್ತೆ. ರೆಸೊನೆನ್ಸ್ ನಿಮ್ಮಂಥ ಡಿಗ್ರಿ ಮಕ್ಕಳಿಗೇ ಅಂತ ಬರೆದಿರೋದು. ವಿಷಯದ ತಲೆಬುಡ ಗೊತ್ತಿಲ್ಲದಾಗ ಅಲ್ಲಿಂದ ಶುರು ಮಾಡಿ.

ಈಗ ಆ 1987ರ ಲೇಖನದ ಕೆಳಗಿರೋ 'ಸೈಟೆಡ್ ಬೈ' ಒತ್ತಿ. ಆಮೇಲೆ ಅದನ್ನು ಹೆಸರಿಸಿ ಬರೆದವರೆಲ್ಲ ಸಾಲಾಗಿ ಬರ್ತಾರೆ. ಲೇಖನದ ಕೊನೆಯಲ್ಲಿರೋ ಪಟ್ಟಿ ಹಿಂದಕ್ಕೆ ಕರೆದೊಯ್ಯುತ್ತೆ, ಈ ಬಟನ್ ಮುಂದಕ್ಕೆ. ಮುಂದಕ್ಕೆ ಹೋದರೆ ಒಂದು ಜಗಳ ಸಿಗುತ್ತೆ: ಕಳೆ ತಿನ್ನಲಿ ಅಂತ ತಂದ ದುಂಬಿ ಸೂರ್ಯಕಾಂತಿ ಎಲೆಯನ್ನೂ ತಿಂತಿದೆ ಅಂತ ತೊಂಬತ್ತರ ದಶಕದ ಶುರುವಿನಲ್ಲಿ ವರದಿ ಬಂತು. ಸೂರ್ಯಕಾಂತಿಯೂ ಪಾರ್ಥೇನಿಯಂ ಕುಟುಂಬದ್ದೇ, ಆಸ್ಟರೇಸಿಯೆ. ಅದರ ಬೆನ್ನಿಗೇ, 1993ರಲ್ಲಿ, ಇನ್ನೊಂದು ಪೇಪರ್: ಪಾರ್ಥೇನಿಯಂ ಪರಾಗ ಹಾರಿಬಂದು ಸೂರ್ಯಕಾಂತಿ ಎಲೆ ಮೇಲೆ ಕೂತಿದ್ದರೆ ದುಂಬಿ ಅದಕ್ಕೆ ಬಾಯಿ ಹಾಕುತ್ತೆ ಅಂತ. ನೋಡಿ, ನಿಮ್ಮ ಅಸೈನ್‌ಮೆಂಟಿಗೆ ಕಥೆ ಸಿಕ್ಕಿತು. 'ಪಾರ್ಥೇನಿಯಂ ಹಾನಿಕಾರಕ ಕಳೆ' ಅಂತ ಬರೆದು ಅದಕ್ಕೆ ಐದು ಪೇಪರ್ ತೋರಿಸೋದರಲ್ಲಿ ಏನಿದೆ? ಅದು ನಮ್ಮ ಹೊಲದಾಳಿಗೂ ಗೊತ್ತು. ಒಂದು ಪೇಪರ್ ಎತ್ತಿದ ಪ್ರಶ್ನೆಗೆ ಇನ್ನೊಂದು ಏನು ಉತ್ತರ ಕೊಟ್ಟಿತು ಅನ್ನೋ ಕಡೆ ಉಲ್ಲೇಖ ಹಾಕಿ.

ವೈದ್ಯಕೀಯ, ಜೀವವಿಜ್ಞಾನ ಲೇಖನ ಹುಡುಕೋ ತಾಣ ಪಬ್‌ಮೆಡ್ ಬಗ್ಗೆ ಎಲ್ಲರೂ ಹೇಳಿರ್ತಾರೆ. ರೋಗ, ಜೀವಕೋಶ, ಜೀನ್ ವಿಷಯಕ್ಕೆ ಅದಕ್ಕೆ ಸಮ ಇಲ್ಲ, ಉಚಿತ ಪೂರ್ಣಪಾಠ ಮಾತ್ರ ತೋರಿಸು ಅನ್ನೋ ಫಿಲ್ಟರ್ ಕೂಡ ಇದೆ. ಕಳೆ, ಕೀಟ, ಕೆರೆ ಅಂದರೆ ಸ್ಕಾಲರೇ ವಾಸಿ. ಬೆಂಗಳೂರು ಕೃಷಿ ವಿವಿಯಂಥ ಕಡೆ ಬರೆದ ಥೀಸಿಸ್‌ಗಳಿಗೆ ಕೃಷಿಕೋಶ ಅನ್ನೋ ಜಾಲತಾಣ, ಬೇರೆ ವಿಶ್ವವಿದ್ಯಾಲಯಗಳ ಪಿಎಚ್‌ಡಿಗೆ ಶೋಧಗಂಗಾ. ಥೀಸಿಸ್‌ನ ಎರಡನೇ ಅಧ್ಯಾಯದಲ್ಲಿ ಹಿಂದಿನ ಕೆಲಸವನ್ನೆಲ್ಲ ಯಾರೋ ನಿಮಗಾಗಿ ಪೇರಿಸಿಟ್ಟಿರ್ತಾರೆ. ದಾರಿ ತೋರಿಸೋಕೆ ಅದನ್ನು ಬಳಸಿ, ನಕಲಿಗಲ್ಲ.

ದುಡ್ಡಿನ ವಿಚಾರ. ಯಾರೂ ಕೈಯಿಂದ ಡಾಲರ್ ಕೊಡಬೇಡಿ. ಆ 1993ರ ಪೇಪರ್ ಕೇಂಬ್ರಿಜ್ ಪ್ರಕಾಶನದ ಪತ್ರಿಕೆಯದ್ದು, ಬೀಗ ಇರುತ್ತೆ. ಸ್ಕಾಲರ್‌ನಲ್ಲಿ 'ಆಲ್ ವರ್ಷನ್ಸ್' ಒತ್ತಿ ನೋಡಿ, ಇನ್ನೆಲ್ಲೋ ಪಿಡಿಎಫ್ ಇರಬಹುದು. ಬ್ರೌಸರ್‌ಗೆ ಅನ್‌ಪೇವಾಲ್ ಅನ್ನೋ ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಉಚಿತ ಪ್ರತಿ ಇದ್ದಾಗ ಹಸಿರು ಬೀಗ ತೋರಿಸುತ್ತೆ. ನಿಮ್ಮದು ಸರ್ಕಾರಿ ಕಾಲೇಜಾದರೆ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಇದೆ, ಪತ್ರಿಕೆಗಳ ಚಂದಾವನ್ನು ಕೇಂದ್ರವೇ ಕಟ್ಟೋ ಯೋಜನೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು, 2025ರಿಂದ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಅನುದಾನಿತ ಕಾಲೇಜಾದರೆ ಕಾಲೇಜುಗಳಿಗೆ ಆನ್‌ಲೈನ್ ಪತ್ರಿಕೆ ಓದೋಕೆ ಕೊಡೋ ಎನ್-ಲಿಸ್ಟ್‌ನ ಲಾಗಿನ್ ಇದೆಯಾ ಅಂತ ಲೈಬ್ರರಿಯನ್ ಹತ್ತಿರ ಕೇಳಿ. ಅವರ ಹತ್ತಿರ ಯಾರೂ ಕೇಳಲ್ಲ, ಕೇಳಿದರೆ ಖುಷಿಪಟ್ಟು ಮಾಡಿಕೊಡ್ತಾರೆ. ಯಾವುದೂ ಆಗದಿದ್ದರೆ ಲೇಖಕರಿಗೇ ಮೇಲ್ ಹಾಕಿ. ಹೆಸರಿನ ಪಕ್ಕ ಪುಟ್ಟ ಲಕೋಟೆ ಗುರುತು ಇರುತ್ತೆ. 'ಸರ್, ನಾನು ಇಂಥ ಕಾಲೇಜಿನ ವಿದ್ಯಾರ್ಥಿ, ನಿಮ್ಮ ಈ ಲೇಖನದ ಪ್ರತಿ ಬೇಕಿತ್ತು' ಅಂತ ಎರಡು ಸಾಲು ಸಾಕು.

ಇನ್ನು ಓದೋದು. ಅದಕ್ಕೂ ಮೊದಲು ನನ್ನ ಮಾನ ಹೋದ ಕಥೆ ಕೇಳಿ. ಎಂಎಸ್ಸಿಯಲ್ಲಿ ಇದೇ ದುಂಬಿ ಮೇಲೆ ಸೆಮಿನಾರ್. ಒಂದು ಪೇಪರಿನ ಸಾರಾಂಶ ಮಾತ್ರ ಓದಿ 'ದುಂಬಿ ಸೂರ್ಯಕಾಂತಿ ಬೆಳೆಗೆ ಅಪಾಯ' ಅಂತ ದೊಡ್ಡಕ್ಷರದಲ್ಲಿ ಸ್ಲೈಡ್ ಹಾಕಿದ್ದೆ. ಹೊರಗಿಂದ ಬಂದಿದ್ದ ಪರೀಕ್ಷಕರು ಟೀ ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದರು: "ಎಲ್ಲಮ್ಮ ತಿಂದಿದ್ದು, ಹೊಲದಲ್ಲೋ ಪಂಜರದಲ್ಲೋ?" ನನಗೆ ಗೊತ್ತಿರಲಿಲ್ಲ. ಬೇರೆ ಮೇವಿಲ್ಲದೆ ಪಂಜರದಲ್ಲಿ ಕೂಡಿಹಾಕಿದ ಹುಳ ತಿನ್ನೋದಕ್ಕೂ ಬಯಲಲ್ಲಿರೋ ಹುಳ ಹುಡುಕಿಕೊಂಡು ಹೋಗಿ ತಿನ್ನೋದಕ್ಕೂ ಅಜಗಜಾಂತರ. ಆ ಉತ್ತರ ಇರೋದು ವಿಧಾನದ ಭಾಗದಲ್ಲಿ, ನಾವೆಲ್ಲ ಹಾರಿಸೋ ಭಾಗದಲ್ಲಿ.

ಅಂದಿನಿಂದ ನಾನು ಸಾರಾಂಶ ಆದಮೇಲೆ ಚಿತ್ರ, ಕೋಷ್ಟಕ ನೋಡ್ತೀನಿ, ಆಮೇಲೆ ವಿಧಾನ: ಎಲ್ಲಿ, ಎಷ್ಟು, ಯಾವ ತಿಂಗಳು. ಈ ದುಂಬಿ ವಿಷಯದಲ್ಲಂತೂ ತಿಂಗಳೇ ಮುಖ್ಯ. ಮಳೆಗಾಲ ಮುಗಿದ ಮೇಲೆ ಅದು ಮಣ್ಣಿನೊಳಗೆ ಹೋಗಿ ಸುಪ್ತಾವಸ್ಥೆಯಲ್ಲಿ ಕೂತಿರುತ್ತೆ. ಫೆಬ್ರವರಿಯಲ್ಲಿ ಎಣಿಸಿದವರು 'ಇಲ್ಲ' ಅಂದರೆ ಅದನ್ನು ಹಾಗೇ ನಂಬೋಕಾಗಲ್ಲ. ಓದಿದ್ದನ್ನು ಬರೆಯುವಾಗ ಪೇಪರ್ ಮುಚ್ಚಿಟ್ಟು ಬರೀರಿ, ಮುಚ್ಚಿಟ್ಟರೆ ನಕಲು ಮಾಡೋಕೇ ಆಗಲ್ಲ.

ಈ ವರ್ಷ ಹೊಸ ತಲೆನೋವು: ಎಐ ಕೊಟ್ಟ ಪಟ್ಟಿ. ಲೇಖಕರ ಹೆಸರು, ವರ್ಷ, ಪುಟ ಎಲ್ಲ ಅಚ್ಚುಕಟ್ಟು, ಲೇಖನ ಮಾತ್ರ ಭೂಮಿ ಮೇಲೇ ಇಲ್ಲ. ನನ್ನ ಕ್ಲಾಸಿನಲ್ಲೇ ಇಬ್ಬರು ಸಿಕ್ಕಿಬಿದ್ದರು. ಡಿಒಐ, ಅಂದರೆ ಲೇಖನಕ್ಕೆ ಕೊಟ್ಟಿರೋ ಕಾಯಂ ಗುರುತಿನ ಲಿಂಕ್, ಇದ್ದರೆ ಒತ್ತಿ ನೋಡಿ, ಲೇಖನ ತೆರೆಯಬೇಕು. 1987ರಂಥ ಹಳೇದಕ್ಕೆ ಅದು ಇರದೇ ಇರಬಹುದು, ಆಗ ಶೀರ್ಷಿಕೆಯನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ.

ಅಂದಹಾಗೆ ಸಲ್ಲಿಸೋ ದಿನ ಮಳೆಗಾಲದಲ್ಲಿ ಬಿದ್ದಿದ್ದರೆ ಕಾಲೇಜಿನ ಕಾಂಪೌಂಡ್ ಹಿಂದೆ ಒಂದು ಸುತ್ತು ಹೋಗಿ, ಕಾಂಗ್ರೆಸ್ ಗಿಡದ ಎಲೆ ತಿರುವಿ ನೋಡಿ. ಅರ್ಧ ಸೆಂಟಿಮೀಟರ್‌ಗಿಂತ ಚೂರು ದೊಡ್ಡದು, ಮಾಸಲು ಬಿಳಿ ಬೆನ್ನು, ಅದರ ಮೇಲೆ ಕಡುಕಂದು ಗೀರು. ಸಿಕ್ಕರೆ ತಾರೀಖು ಹಾಕಿ ಫೋಟೋ ಅಂಟಿಸಿ. ಉಲ್ಲೇಖದ ಲೆಕ್ಕಕ್ಕೆ ಬರಲ್ಲ, ಆದರೆ ತಿದ್ದೋಳು ನಾನಾಗಿದ್ದರೆ ಆ ಪುಟದಲ್ಲಿ ಸ್ವಲ್ಪ ಹೊತ್ತು ನಿಲ್ತಿದ್ದೆ.