ಗೇಮ್ ಹುಚ್ಚು ಬಿಟ್ಟು ಐಟಿ ಕೆಲಸ ಹಿಡಿಯಲಾ, ಇಲ್ಲಾ ಗೇಮ್ ಕಂಪನಿಗೇ ಹೋಗಲಾ?

ದಾವಣಗೆರೆ, ಕಂಪ್ಯೂಟರ್ ಸೈನ್ಸ್, ರಾತ್ರಿಯೆಲ್ಲಾ ಗೇಮ್. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಕಥೆ ಅನಿಸಿತು. ನಾನೂ ವಿದ್ಯಾನಗರದ ರೂಮಿನಲ್ಲಿ ಗೆಳೆಯರ ಜೊತೆ ಕೌಂಟರ್ ಸ್ಟ್ರೈಕ್ 1.6 ಅನ್ನೋ ಶೂಟಿಂಗ್ ಗೇಮ್ ಆಡಿ, ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಕ್ಲಾಸಿಗೆ ಹೋದವನು. ಕೊನೆಯ ವರ್ಷ ಗೇಮ್ ತಯಾರಿಸುವ ಸಾಫ್ಟ್‌ವೇರ್ ಯೂನಿಟಿ ಕಲಿತು ಒಂದು ಕಾರ್ ಗೇಮ್ ಮಾಡಿದೆ. ನಮ್ಮ ಕಡೆಯದೇ ರಸ್ತೆ, ಅಕ್ಕಪಕ್ಕ ಮೆಕ್ಕೆಜೋಳದ ಹೊಲ. ಅದನ್ನೇ ಹಿಡಿದುಕೊಂಡು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋಗೆ ಇಂಟರ್‌ವ್ಯೂಗೆ ಹೋದೆ.

ಅವರ ಕಂಪ್ಯೂಟರಿನಲ್ಲಿ ಗೇಮ್ ಶುರು ಮಾಡಿದ ಕೂಡಲೇ ಕಾರು ಮೊದಲ ತಿರುವಿನಲ್ಲೇ ರಸ್ತೆ ಬಿಟ್ಟು ಹೋಯಿತು.

ಯಾಕೆ ಅಂತ ಸರಿಯಾಗಿ ಹೇಳುತ್ತೇನೆ, ನೀವೂ ಇಲ್ಲೇ ಎಡವಬಹುದು. ಪ್ರತಿ ಫ್ರೇಮಿಗೆ, ಅಂದರೆ ಪರದೆ ಮೇಲೆ ಬರುವ ಪ್ರತಿ ಚಿತ್ರಕ್ಕೆ, ಕಾರು ಅರ್ಧ ಮೀಟರ್ ಮುಂದೆ ಹೋಗಲಿ ಅಂತ ಬರೆದಿದ್ದೆ. ಮನೆಯ ಮಾನಿಟರ್ 60 ಹರ್ಟ್ಸ್. ಸೆಕೆಂಡಿಗೆ 60 ಫ್ರೇಮ್, ಅಂದರೆ 30 ಮೀಟರ್, ಗಂಟೆಗೆ 108 ಕಿ.ಮೀ. ಅವರದು 144 ಹರ್ಟ್ಸ್. ಅದೇ ಕೋಡ್, ಕಾರಿನ ವೇಗ ಮಾತ್ರ ಗಂಟೆಗೆ ಹತ್ತಿರ ಹತ್ತಿರ 260! ವೇಗವನ್ನು ಟೈಮ್.ಡೆಲ್ಟಾಟೈಮ್‌ನಿಂದ, ಅಂದರೆ ಹಿಂದಿನ ಫ್ರೇಮಿನಿಂದ ಈಚೆಗೆ ಕಳೆದ ಸಮಯದಿಂದ, ಗುಣಿಸಿದ್ದರೆ ಸಾಕಿತ್ತು. ಡಿಕ್ಕಿ, ಬೀಳುವಿಕೆಯಂಥ ಫಿಸಿಕ್ಸ್ ಲೆಕ್ಕ ಆದರೆ ಫಿಕ್ಸ್ಡ್‌ಅಪ್‌ಡೇಟ್ ಅನ್ನೋ ಫಂಕ್ಷನ್‌ನಲ್ಲಿ ಬರೆಯಬೇಕು. ಯೂನಿಟಿ ಅದನ್ನು ಮಾಮೂಲಾಗಿ 0.02 ಸೆಕೆಂಡಿಗೊಮ್ಮೆಯ ಲೆಕ್ಕದಲ್ಲಿ ನಡೆಸುತ್ತದೆ, ಮಾನಿಟರ್ ಯಾವುದೇ ಇರಲಿ. 1978ರ ಸ್ಪೇಸ್ ಇನ್ವೇಡರ್ಸ್ ಗೇಮಿನಲ್ಲೂ ಇಂಥದ್ದೇ ಆಗಿತ್ತು. ಶತ್ರುಗಳು ಕಡಿಮೆಯಾದಷ್ಟೂ ಚಿತ್ರ ಬಿಡಿಸುವ ಕೆಲಸ ಕಡಿಮೆ, ಉಳಿದವರ ಓಟ ಜಾಸ್ತಿ. ಅಲ್ಲಿ ಅದು ಆಟಕ್ಕೆ ಮಜಾ ಕೊಟ್ಟಿತು. ನನಗೆ ಕೆಲಸ ತಪ್ಪಿಸಿತು.

ಆದರೂ ಆ ಬಗ್ ಅನ್ನು ಅವರು ಕ್ಷಮಿಸುತ್ತಿದ್ದರು ಅಂತಲೇ ನನ್ನ ನಂಬಿಕೆ. ಅವರು ಕೇಳಿದ್ದು ಒಂದೇ: 'ಹೀಗೇಕಾಯ್ತು?' ನಿಮ್ಮ ಕಂಪ್ಯೂಟರ್ ಸ್ಪೀಡ್ ಇದೆ ಸರ್, ಅಂದುಬಿಟ್ಟೆ. ಫ್ರೇಮ್ ಅಂದರೆ ಏನು ಅಂತಲೇ ನಾನು ಯೋಚಿಸಿರಲಿಲ್ಲ. ವಿಡಿಯೋ ನೋಡಿ ಸಾಲುಗಳನ್ನು ಇಳಿಸಿಕೊಂಡಿದ್ದೆ, ಅಷ್ಟೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಗೇಮ್ ಆಡುವ ಆಸೆ ಬೇರೆ, ಮಾಡುವ ಆಸೆ ಬೇರೆ. ಆಡುವುದನ್ನು ಬಿಡಬೇಕಾಗಿಲ್ಲ, ಆದರೆ ಅದನ್ನು ನಂಬಿ ಕೆಲಸ ಆರಿಸಬೇಡಿ. ಗೇಮ್ ಲ್ಯಾಗ್ ಆದಾಗ ಬೈದು ಸುಮ್ಮನಾಗುತ್ತೀರಾ, ಇಲ್ಲಾ ಯಾಕಾಯ್ತು ಅಂತ ಹುಡುಕುತ್ತೀರಾ? ಹುಡುಕುವವರಾದರೆ ಗೇಮ್ ಕಂಪನಿಯೂ ಆಗುತ್ತದೆ, ಬ್ಯಾಂಕಿನ ಸಾಫ್ಟ್‌ವೇರೂ ಆಗುತ್ತದೆ. ನಾನೀಗ ಪೇಮೆಂಟ್ ಸಾಫ್ಟ್‌ವೇರ್ ಬರೆಯುತ್ತೇನೆ, ಖುಷಿಯಾಗೇ ಇದ್ದೇನೆ. ರಾತ್ರಿ ಈಗಲೂ ಆಡುತ್ತೇನೆ.

ಲಕ್ಷಗಟ್ಟಲೆ ಕೊಟ್ಟು ಗೇಮ್ ಡಿಸೈನ್ ಕೋರ್ಸ್ ಸೇರಬೇಡಿ. ಯೂನಿಟಿಯಂತೆಯೇ ಗೇಮ್ ತಯಾರಿಸುವ ಗೋಡೋ ಎಂಜಿನ್ ಪೂರ್ತಿ ಉಚಿತ, ಅದರ ಕೋಡೂ 2014ರಿಂದ ಎಲ್ಲರಿಗೂ ತೆರೆದಿದೆ. ಎರಡು ಬ್ಯಾಟು, ಒಂದು ಚೆಂಡಿನ ಹಳೇ ಆಟ ಪಾಂಗ್‌ನಂಥ ಸಣ್ಣ ಗೇಮ್ ಒಂದನ್ನು ಕೊನೆವರೆಗೂ ಮುಗಿಸಿ. ಗೆಳೆಯನ ಹಳೇ ಲ್ಯಾಪ್‌ಟಾಪ್, ಕಾಲೇಜ್ ಲ್ಯಾಬ್, ಮೊಬೈಲ್, ಎಲ್ಲದರಲ್ಲೂ ಓಡಿಸಿ ನೋಡಿ. ಎಲ್ಲಾದರೂ ಕೆಟ್ಟರೆ ಕಾರಣ ಹುಡುಕಿ ಬರೆದಿಡಿ. ಇಂಟರ್‌ವ್ಯೂಗೆ ಹೋಗುವಾಗ ಗೇಮ್ ಜೊತೆಗೆ ಆ ಟಿಪ್ಪಣಿಯನ್ನೂ ಒಯ್ಯಿರಿ.